ಬಾಟಲಿಯ ಸುತ್ತು ಮುಗಿಯುವ ತನಕ

ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನನ್ನ ದೊಡ್ಡಪ್ಪನ ಮಗನಿಗೇ ಆಗಿದ್ದು. ಮನೆಯಲ್ಲಿ ಅವನಿಗೆ ರೇಡಿಯೊ ಅಂತ ಅಡ್ಡಹೆಸರು. ದೊಡ್ಡ ಮನುಷ್ಯರ ಕ್ಲಬ್ಬೊಂದರಲ್ಲಿ ಊಟ ಬಡಿಸುವ ಕೆಲಸ. ಅಲ್ಲಿ ಬಾಯಿ ಬಿಡುವ ಹಾಗಿಲ್ಲವಲ್ಲ, ಅಲ್ಲಿಯದನ್ನೂ ಸೇರಿಸಿ ಮನೆಯಲ್ಲಿ ಮಾತಾಡುತ್ತಿದ್ದ.

ಆ ರಾತ್ರಿ ಕೆಲಸ ಮುಗಿಸಿ ಕ್ಲಬ್ಬಿನ ಹಿಂದಿನ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಮರುದಿನ ವರ್ಷಕ್ಕೊಮ್ಮೆಯ ದೊಡ್ಡ ಊಟ. ಹಲಗೆ ಮುಚ್ಚಿದ ಬಾವಿ ದಾಟಿದ... ಹಿಂದಿನಿಂದ ಸದ್ದು. ಟಕ್... ಸರ್ರ್. ಟಕ್... ಸರ್ರ್. ಒಂದು ಬೂಟು ಊರುತ್ತದೆ, ಇನ್ನೊಂದು ಜಲ್ಲಿಯ ಮೇಲೆ ತೆವಳುತ್ತದೆ.

"ಲೋ, ನಾಳೆ ಊಟಕ್ಕೆ ಎಷ್ಟು ಜನ?"

"ಇಪ್ಪತ್ತೆರಡು, ಮಾವ."

ಬಾಯಿಗೆ ಅಭ್ಯಾಸ. ಉತ್ತರ ಕೊಟ್ಟ ಮೇಲೆ ನೆನಪಾಯಿತು... ಮಾವ ಹೋಗಿ ವರ್ಷವಾಗಿದೆ.

"ಇಪ್ಪತ್ತಮೂರು ಗ್ಲಾಸ್ ಇಡು."

ತಿರುಗಿ ನೋಡಿದನಾ ಅಂತ ಕೇಳಬೇಡಿ. ನೀವಾಗಿದ್ದರೆ ನೋಡುತ್ತಿದ್ದಿರಾ?

ಮಾವ ಅಂದರೆ ದೊಡ್ಡಮ್ಮನ ಅಣ್ಣ. ಅದೇ ಕ್ಲಬ್ಬಿನಲ್ಲಿ ಕುಂಟುಗಾಲಲ್ಲೇ ನಲವತ್ತು ವರ್ಷ ಬಡಿಸಿದವರು. ಇವನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ಅಲ್ಲೊಂದು ಪದ್ಧತಿ. ಊಟವಾದ ಮೇಲೆ ಕೆಂಪು ವೈನಿನ ಗಾಜಿನ ಬಾಟಲಿ ಬರುತ್ತೆ. ತಳ ಗುಂಡಗೆ. ಮೇಜಿನ ಮೇಲಿಟ್ಟರೆ ಉರುಳುತ್ತೆ, ಅಧ್ಯಕ್ಷರ ಮುಂದಿನ ಮರದ ಬಟ್ಟಲಲ್ಲಿ ಮಾತ್ರ ಕೂರುತ್ತೆ. ಅಲ್ಲಿಂದ ಎತ್ತಿದರೆ ಎಡಗಡೆಯವರ ಕೈಗೆ, ಅವರಿಂದ ಮುಂದಿನವರಿಗೆ... ಸುತ್ತಿ ಮತ್ತೆ ಆ ಬಟ್ಟಲಿಗೆ ಬರುವ ತನಕ ಕೂತವರು ಏಳುವಂತಿಲ್ಲ, ಗೋಡೆಗೆ ನಿಂತ ಬಡಿಸುವವರು ಅಲುಗಾಡುವಂತಿಲ್ಲ. ನೂರು ವರ್ಷದಿಂದ ಹೀಗೇ ಅಂತೆ. ಕುಡಿಯೋದಕ್ಕೂ ಇಷ್ಟು ಮಡಿ!

ಹಿಂದಿನ ವರ್ಷ ಬಾಟಲಿ ಮೂರನೆಯವರ ಕೈಲಿದ್ದಾಗ ಮಾವ ಎದೆ ಹಿಡಿದುಕೊಂಡು ಗೋಡೆಗೊರಗಿ ಕುಸಿದರು. "ನೀರು..." ಅಂದರು. ರೇಡಿಯೊ ಎರಡು ಹೆಜ್ಜೆ ದೂರ. ಕೈಯಲ್ಲಿ ನೀರು ತುಂಬಿದ ಗಾಜಿನ ಜಗ್ಗು. ಅಧ್ಯಕ್ಷರು ಕತ್ತು ಕೂಡ ತಿರುಗಿಸಲಿಲ್ಲ.

"ಸುತ್ತು ಮುಗೀಲಿ," ಅಂದರು.

ರೇಡಿಯೊ ನಿಂತೇ ಇದ್ದ. ಬಾಟಲಿ ಬಟ್ಟಲಿಗೆ ಬಂದಾಗ ಮಾವನ ಕಣ್ಣು ಇವನ ಮೇಲೇ ಇತ್ತು... ಜೀವ ಇರಲಿಲ್ಲ. ಮುಂದಿನ ವಾರ ಮಾವನ ಜಾಗವನ್ನು ಇವನಿಗೇ ಕೊಟ್ಟರು. "ಕಾಲು ಯಾರೋ ಹಿಡ್ಕೊಂಡ ಹಾಗಾಯ್ತಮ್ಮಾ," ಅಂತ ಅತ್ತುಕೊಂಡ. ದೊಡ್ಡಮ್ಮ ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟರು.

ಸರಿ, ಈ ವರ್ಷದ ಊಟ. ಮೇಜಿನ ಮೇಲೆ ಇಪ್ಪತ್ತೆರಡು ಗ್ಲಾಸು. ಇನ್ನೊಂದನ್ನು ರೇಡಿಯೊ ಯಾರಿಗೂ ಕಾಣದ ಹಾಗೆ ಮಾವ ಬಿದ್ದ ಜಾಗದಲ್ಲಿ, ಗೋಡೆಯ ಬುಡಕ್ಕೆ ಇಟ್ಟ. ಖಾಲಿ ಗ್ಲಾಸು.

ಬಾಟಲಿ ಹೊರಟಿತು. ಗುಳುಗುಳು... ಟಿಣ್. ಗುಳುಗುಳು... ಟಿಣ್. ಒಂದು ಸುತ್ತಾಯಿತು. ಅಧ್ಯಕ್ಷರ ಕೈ ಬಟ್ಟಲ ತನಕ ಹೋಯಿತು... ಇಡಲಿಲ್ಲ. ಮತ್ತೆ ಎಡಗಡೆಗೆ ಕೊಟ್ಟಿತು.

"ಏನ್ ಸಾರ್, ಇವತ್ತು ಧಾರಾಳ!" ಯಾರೋ ನಕ್ಕರು.

ಎರಡನೇ ಸುತ್ತು. ಮೂರನೆಯದು. ಐದರ ಹೊತ್ತಿಗೆ ನಗು ನಿಂತಿತ್ತು. ಎಷ್ಟು ಸುರಿದರೂ ಬಾಟಲಿ ತುಂಬಿಯೇ ಇತ್ತು.

"ಇಟ್ಬಿಡಿ ಸಾರ್, ಸಾಕು."

"ಇಡೋಕಾಗ್ತಿಲ್ಲ ಕಣ್ರೀ..."

ಒಬ್ಬರು ಏಳಲು ಹೋದರು. ಮೊಣಕಾಲು ಮೇಜಿನಡಿಗೆ ಬಡಿಯಿತು, ದಡ್. ಅಷ್ಟೇ. ಏಳಲಾಗಲಿಲ್ಲ. ಯಾರಿಗೂ ಆಗಲಿಲ್ಲ. ಗೋಡೆಯ ಕಡೆಯಿಂದ... ಟಕ್... ಸರ್ರ್.

ಅಧ್ಯಕ್ಷರ ಮುಖ ಬೂದಿ ಬಳಿದ ಹಾಗಾಯಿತು. ಎದೆ ಹಿಡಿದುಕೊಂಡು ರೇಡಿಯೊ ಕಡೆ ನೋಡಿದರು.

"ನೀರು..."

ರೇಡಿಯೊ ಪಾದ ಎತ್ತಿ ನೋಡಿದ. ಬಂತು. ಇಡೀ ಕೋಣೆಯಲ್ಲಿ ಇವನ ಕಾಲಿಗೆ ಮಾತ್ರ ಬಿಡುಗಡೆ. ಕಿವಿಯ ಹತ್ತಿರ ತಣ್ಣನೆಯ ಉಸಿರು.

"ಬೇಕಾದ್ರೆ ಹೋಗೋ. ನಿನ್ನ ಕಾಲು ನಾನು ಹಿಡಿದಿಲ್ಲ... ಅವತ್ತೂ ಯಾರೂ ಹಿಡಿದಿರಲಿಲ್ಲ."

ರೇಡಿಯೊ ಕೈಲಿದ್ದ ನೀರಿನ ಜಗ್ಗನ್ನು ಎದೆಗೆ ಅವುಚಿಕೊಂಡ.

"ಸುತ್ತು ಮುಗೀಲಿ, ಸಾರ್," ಅಂದ.

ಊಟದ ಆ ಕೋಣೆಯಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ಅಧ್ಯಕ್ಷರ ಹಣೆ ಮೇಜಿಗೆ ಬಿದ್ದ ಮೇಲೆಯೇ ಬಾಟಲಿ ಬಟ್ಟಲಲ್ಲಿ ಕೂತಿತು. ಠಪ್. ಎಲ್ಲರ ಕಾಲೂ ಸಡಿಲವಾಯಿತು. ಹೃದಯಾಘಾತ ಅಂತ ಬರೆದರು ಡಾಕ್ಟರು. ಬರೀಲಿ ಬಿಡಿ.

ರೇಡಿಯೊ ಕೆಲಸ ಬಿಟ್ಟ. ಅಲ್ಲಿಂದ ತಂದದ್ದು ಆ ಜಗ್ಗು ಒಂದೇ. ಅವತ್ತು ಕತ್ತಿನ ತನಕ ತುಂಬಿಸಿದ್ದ, ಯಾರಿಗೂ ಒಂದು ಹನಿ ಕೊಟ್ಟಿರಲಿಲ್ಲ, ಹೊರಗೆ ಬಂದು ನೋಡಿದರೆ ಖಾಲಿ. ಈಗ ದೊಡ್ಡಮ್ಮ ಮಗನನ್ನು ಮಾತಾಡಿಸುತ್ತಾರೆ. ದಿನಕ್ಕೆ ಒಂದೇ ಮಾತು, ಮಲಗುವ ಮುಂಚೆ: "ಜಗ್ಗು ತುಂಬಿಸಿದೆಯಾ?"

ತುಂಬಿಸಿ ಅಡುಗೆಮನೆಯಲ್ಲಿ ಇಡುತ್ತಾನೆ. ಬೆಳಿಗ್ಗೆ ಖಾಲಿ ಇರುತ್ತೆ. ಎಲ್ಲೋ ಸೋರುತ್ತೆ ಅನ್ನುತ್ತೀರಿ. ನಾನೂ ಹಾಗೇ ಅಂದಿದ್ದೆ. ಒಂದು ರಾತ್ರಿ ಅಲ್ಲೇ ಉಳಿದು, ಅದರಡಿ ಹಳೇ ಪೇಪರ್ ಹಾಸಿ, ಅಡುಗೆಮನೆಗೆ ಬೀಗ ಹಾಕಿ, ಕೀಲಿ ದಿಂಬಿನಡಿ ಇಟ್ಟು ಮಲಗಿದೆ. ಬೆಳಿಗ್ಗೆ ನಾನೇ ಬೀಗ ತೆಗೆದೆ. ಸುಳ್ಳು ಹೇಳಿ ನನಗೇನಾಗಬೇಕು?

ಜಗ್ಗು ಖಾಲಿ. ಪೇಪರ್ ಒಣಗಿಯೇ ಇತ್ತು.