ನಂಬಿ ಕೆಟ್ಟ ಡಾಕ್ಟರು

ಬಸ್ಸು ಓಡಿಸುತ್ತಿದ್ದ ಅನ್ಸೆಲ್ಮೋನ ಬೆನ್ನ ಹಿಂದೆಯೇ ಇಬ್ಬರು ಮುದುಕಿಯರು ಕೂತಿದ್ದರು. ಸ್ಪ್ಯಾನಿಷ್ ಕಲಿಯುವ ಟೆಕ್ಸಸ್‌ನ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ರೋಗಿಯ ವೇಷ ಹಾಕಿ ಬಂದಿದ್ದಳು ಅವರಲ್ಲೊಬ್ಬಳಾದ ರೆಫೂಹಿಯೋ.

“ಹುಡುಗ ಫೇಲಾದ ಕಣೇ ಚೆಲೋ.”

“ಭಾಷೆ ಬರ್ಲಿಲ್ವಾ?”

“ಭಾಷೆ ಸೊಗಸಾಗೇ ಇತ್ತು. ಮನೇಲಿ ಕಷಾಯ ಏನಾದ್ರೂ ಕುಡಿದ್ರಾ ಅಂದ. ಇಲ್ಲಪ್ಪ ಅಂದೆ. ನಂಬಿಬಿಟ್ಟ.”

“ಪಾಪ. ಡಾಕ್ಟರ ಮುಂದೆ ಯಾರಾದ್ರೂ ಅದನ್ನ ಒಂದೇ ಸಲಕ್ಕೆ ಒಪ್ಕೋತಾರಾ?”

“ಟೀಚರಮ್ಮ ಅವನಿಗೆ ಹೇಳಿಕೊಟ್ಟಿದ್ಲು. ಮೊದಲು ಮೊಮ್ಮಕ್ಕಳ ಸುದ್ದಿ ಕೇಳು, ಆಮೇಲೆ ಕಷಾಯದ್ದು ಇನ್ನೊಂದ್ಸಲ ಕೇಳು ಅಂತ.”

“ನಿನ್ನ ನಿಜವಾದ ಡಾಕ್ಟರು ಹೇಗೆ ಕೇಳ್ತಾರೆ?”

“ಅವರೂ ಒಂದೇ ಸಲ.”

“ಹಾಗಾದ್ರೆ ಅವರೂ ಫೇಲು.”

“ಪಾಪ, ಅವರಿಗೆ ಹೇಳ್ಬೇಡ. ತಮ್ಮ ಗುಳಿಗೆಯಿಂದಲೇ ನನಗೆ ವಾಸಿಯಾಯ್ತು ಅಂತ ಖುಷಿಯಾಗಿದಾರೆ.”

ಅಷ್ಟು ಹೊತ್ತು ಒಮ್ಮೆಯೂ ಕೆಮ್ಮದಿದ್ದ ಇಬ್ಬರೂ ಆಸ್ಪತ್ರೆಯ ಮುಂದೆ ಕೆಮ್ಮುತ್ತಾ ಇಳಿದುಹೋದರು.