ಹಣ್ಣಾಗಲು ಎರಡು ದಿನವಿದ್ದ ಹುಳು

"ಹಲೋ... ಯಾರು? ಯಾರು ಮಾತಾಡ್ತಿರೋದು?..."

"ಓ, ಮೇಡಮ್ಮಾ! ಹೊಸ ನಂಬರು, ಗೊತ್ತಾಗ್ನಿಲ್ಲ. ಹಾಂ, ದೇವರಾಜೂನೇ. ಒಸಿ ಇರಿ, ಆಚೆಗೆ ಬತ್ತೀನಿ, ಇಲ್ಲಿ ನಿಲ್ಲಕ್ಕಾಗಲ್ಲ..."

ದೇವರಾಜು ಮೂಗಿಗೆ ಟವೆಲ್ಲು ಒತ್ತಿಕೊಂಡು ಅಕ್ಕನ ಮನೆಯ ಅಂಗಳದಿಂದ ಹುಣಸೆಮರದ ಬುಡಕ್ಕೆ ನಡೆದ. ಮೇಡಂ ಎಂದರೆ ಬೆಂಗಳೂರಿನಲ್ಲಿ ಕೂತು ಶಾಲೆ ಮಕ್ಕಳಿಗೆ ಸಾಹಸ ಶಿಬಿರ ನಡೆಸುವಾಕೆ. ಸಾವನದುರ್ಗದ ತಪ್ಪಲಲ್ಲಿ ಟೆಂಟು ಹಾಕಿಸುವುದು, ಬಂಡೆ ಹತ್ತಿಸುವುದು, ಹಗ್ಗ ಕಟ್ಟಿ ಇಳಿಸುವುದು, ಬಿದ್ದವರ ಮೊಣಕಾಲಿಗೆ ಮುಲಾಮು ಹಚ್ಚುವುದು, ಇಷ್ಟೂ ದೇವರಾಜುವಿನ ಪಾಲು. ಈ ಸಲ ಏಳು ದಿನಕ್ಕೆಂದು ಬಂದವರು ಇಪ್ಪತ್ತೆರಡು ಜನ, ಎಲ್ಲರೂ ಹತ್ತನೇ ಕ್ಲಾಸು. ಇವತ್ತು ಐದನೇ ದಿನ. ಅಷ್ಟಕ್ಕೇ ಅವನಿಗೆ ಸಾಕುಸಾಕಾಗಿತ್ತು.

"ಹಾಂ, ಮಕ್ಕಳು ಚೆನ್ನಾಗವ್ರೆ. ತಿಂಡಿ ಆಯ್ತು. ಅರ್ಧ ತಿಂದ್ರು, ಅರ್ಧ ನಾಯಿಗೆ ಎಸೆದ್ರು... ಟೆಂಟಾ? ಟೆಂಟಿನ ವಿಷ್ಯ ಕೇಳ್ಬೇಡಿ. ಚಿಪ್ಸ್ ಕವರು, ಒದ್ದೆ ಸಾಕ್ಸು, ಅದ್ರ ಮೇಲೆ ಸೆಂಟು. ಮೂರು ದಿನದಿಂದ ಮೈಗೆ ನೀರು ಹಾಕಂಡಿಲ್ಲ, ಸೆಂಟ್ ಮಾತ್ರ ಹೊಡ್ಕಳದು. ಥೂ, ಒಳಕ್ಕೆ ತಲೆ ಹಾಕಕ್ಕಾಗಲ್ಲ ಕಣ್ರೀ..."

"ನಾನು ಕ್ಯಾಂಪಲ್ಲಿಲ್ಲ. ಶರೀಫ್ ನೋಡ್ಕತಾವ್ನೆ, ಹಗ್ಗ ಗಿಗ್ಗ ಎಲ್ಲ ಅವ್ನಿಗೇ ಕೊಟ್ಟು ಬಂದೆ. ನಾನು ನಮ್ಮಕ್ಕನ ಮನೇಲಿದೀನಿ... ಯಾಕೆ ಅಂದ್ರೆ? ಹುಳ ಸತ್ತೋದ್ವು ಮೇಡಂ, ಅದ್ಕೆ..."

"ಹುಳ ಅಂದ್ರೆ ಯಾವ್ದೋ ಕಾಡು ಹುಳ ಅಲ್ಲ. ರೇಷ್ಮೆ ಹುಳ. ನಿನ್ನೆ ಸಂಜೆ ನಿಮ್ ಮಕ್ಕಳನ್ನ ಕರ್ಕಂಡೋಗಿದ್ನಲ್ಲ, ಅದೇ ಹುಳುಮನೆ... ಎಷ್ಟಾ? ಎಲ್ಲಾ. ಒಂದೂ ಬಿಡ್ದಂಗೆ. ಬೆಳಿಗ್ಗೆ ನಾಕು ಗಂಟೆಗೆ ಸೊಪ್ಪು ಹಾಕಕ್ಕೆ ಅಂತ ಅಕ್ಕ ಲೈಟ್ ಹಾಕ್ತಾಳೆ, ಹುಳ ಎಲ್ಲ ತಲೆ ಎತ್ತಿ ಒದ್ದಾಡ್ತಾ ಹಸುರು ಹಸುರು ವಾಂತಿ ಮಾಡ್ಕತಾ ಅವೆ. ಈಗ ನೋಡ್ಬೇಕು ನೀವು. ಕಪ್ಪಾಗಿ ನೀರು ಸೋರ್ತಾವೆ. ಮುಟ್ಟಿದ್ರೆ ಕೈಗೆ ಅಂಟ್ಕತದೆ. ನಾನು ಎರಡ್ಸಲ ವಾಂತಿ ಮಾಡ್ದೆ..."

ಅಂಗಳದಲ್ಲಿ ಅಕ್ಕ ಚಿಕ್ಕಲಕ್ಷ್ಮಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಸತ್ತ ಹುಳುಗಳನ್ನು ಮಂಕರಿಯಲ್ಲಿ ತುಂಬಿ ಹಿತ್ತಿಲಿಗೆ ಹೊರುತ್ತಿದ್ದಳು. ಅಲ್ಲಿ ಅವಳ ಮಗ ಗುಂಡಿ ತೋಡುತ್ತಿದ್ದ. ಇಪ್ಪತ್ತೈದು ದಿನ ಹಗಲೂ ರಾತ್ರಿ ಸೊಪ್ಪು ಕೊಯ್ದು ಹಾಕಿ ಸಾಕಿದ ಹುಳು ಅವು. ಗೂಡು ಕಟ್ಟಿಸಲೆಂದು ತೊಳೆದಿಟ್ಟಿದ್ದ ಬಿದಿರಿನ ಚಂದ್ರಿಕೆ ತಟ್ಟಿಗಳು ಗೋಡೆಗೆ ಒರಗಿ ಖಾಲಿ ನಿಂತಿದ್ದವು.

"ರೋಗ ಅಲ್ಲ ಮೇಡಂ. ರೋಗ ಬಂದ್ರೆ ಒಂದೇ ರಾತ್ರೀಲಿ ಹಿಂಗಾಗಲ್ಲ... ಏನಂದ್ರಿ? ವಿಡಿಯೋನಾ? ನಿಮ್ಗೂ ಬಂತಾ?... ಪೇರೆಂಟ್ಸ್ ಗ್ರೂಪಿಗೇ ಹಾಕವ್ರಾ? ಅಯ್ಯೋ ಇವ್ರ ಜನ್ಮಕ್ಕಿಷ್ಟು!... ನಗೋ ಗೊಂಬೆ ಬೇರೆ ಹಾಕವ್ರಾ ಕೆಳಗೆ?"

"ಹಾಂ, ನೋಡಿದೀನಿ. ನಿನ್ನೆ ಸಂಜೆ ವಾಪಸ್ ಬರ್ತಾ ಬಸ್ಸಲ್ಲಿ ಆ ಹುಡುಗ್ರೇ ತೋರ್ಸಿದ್ರು, ಕಿಸಿಕಿಸಿ ನಗ್ತಾ. ಹುಳದ ತಟ್ಟೆಗಳ ಮೇಲೆಲ್ಲ ಸೊಳ್ಳೆ ಸ್ಪ್ರೇ ಹೊಡೆಯದು, ಹುಳ ನುಲ್ಕಂಡಾಗ 'ಅಂಕಲ್, ಡ್ಯಾನ್ಸ್ ನೋಡಿ' ಅನ್ನದು. ಸೊಳ್ಳೆಬತ್ತೀನೇ ಹಚ್ಚಲ್ಲ ನಾವು ಆ ಮನೇಲಿ. ಬೀಡಿ ಸೇದಿದೋನ್ನ ಒಳಕ್ಕೆ ಬಿಡಲ್ಲ..."

"ಹೇಳಿದ್ನಲ್ಲ! ಬಾಟ್ಲಿ ಎಲ್ಲ ಹೊರಗೆ ಇಡಿಸ್ದೆ, ಕೈಕಾಲು ತೊಳೆಸ್ದೆ. ಒಬ್ಬ ಜೇಬಲ್ಲಿ ಬಚ್ಚಿಟ್ಕಂಡಿದ್ದ... ನಾನೆಲ್ಲಿದ್ನಾ? ಆಚೆ ಇದ್ದೆ. ನಿಮ್ ಫೋನ್ ಬಂತಲ್ಲ, ಮಕ್ಕಳು ಸೊಪ್ಪು ಹಾಕೋ ಫೋಟೋ ಇನ್ನೂ ಕಳ್ಸಿಲ್ಲ ಅಂತ. ಒಳಗೆ ಸಿಗ್ನಲ್ ಸಿಗಲ್ಲ ಅಂತ ಆಚೆ ಬಂದೆ. ಐದೇ ನಿಮಿಷ..."

"ಅಲ್ಲ, ಬ್ಯಾಡ ಅಂದಿದ್ನೋ ಇಲ್ವೋ? ನಾಲ್ಕನೇ ಜ್ವರ ಮುಗ್ಸಿ, ಕೊನೇ ಪೊರೆ ಬಿಟ್ಟು ಎದ್ದವೆ, ಹಣ್ಣಾಗಿ ಗೂಡು ಕಟ್ಟಕ್ಕೆ ಇನ್ನೆರಡೇ ದಿನ, ಈಗ ಹೊರಗ್ನೋರು ಹೋಗಬಾರ್ದು ಅಂತ? ನೀವೇನಂದ್ರಿ? 'ಪೇರೆಂಟ್ಸಿಗೆ ಮಾತು ಕೊಟ್ಟಿದೀನಿ ದೇವರಾಜು, ಹೆಂಗಾದ್ರೂ ಮಾಡು.' ಹೆಂಗಾದ್ರೂ ಮಾಡ್ದೆ. ನಂದೂ ತಪ್ಪೈತೆ, ಇಲ್ಲ ಅನ್ನಲ್ಲ..."

"ಇಲ್ಲ. ಅಕ್ಕಂಗೆ ಇನ್ನೂ ಗೊತ್ತಿಲ್ಲ... ಅವ್ಳು ಸೊಸೆ ಮೇಲೆ ಹಾಕವ್ಳೆ. ರಾಧಾಮಣಿ ಅಂತ, ಬೈರಮಂಗಲದ ಹುಡುಗಿ, ಮದ್ವೆ ಆಗಿ ಇನ್ನೂ ವರ್ಷ ಆಗಿಲ್ಲ. ಮುಟ್ಟಾದೋರು ಹುಳುಮನೆಗೆ ಹೋಗಬಾರ್ದು ಅಂತಾರೆ ನಮ್ ಕಡೆ. ಆ ಮಗು ಮೊನ್ನೆ ಹೋಗವ್ಳೆ. ಅತ್ತೆಗೆ ಸೊಂಟ ಹಿಡ್ಕಂಡಿತ್ತು, ಹುಳ ಉಪ್ವಾಸ ಬೀಳ್ತವೆ ಅಂತ ಸೊಪ್ಪು ಹಾಕವ್ಳೆ. ಕೇಳಿದ್ಕೆ ಅವ್ಳೇ ಒಪ್ಕಂಡ್ಳು. 'ಹೂಂ ಅತ್ತೆ, ಹೋಗಿದ್ದೆ' ಅಂದ್ಳು. ಪಾಪ, ತನ್ನಿಂದ್ಲೇ ಆಯ್ತು ಅಂತ ಅವ್ಳೂ ನಂಬ್ಬುಟ್ಟವ್ಳೆ..."

ಜಗಲಿಯ ಮೇಲೆ ರಾಧಾಮಣಿ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಬ್ಯಾಗು. ಹನ್ನೊಂದರ ಬಸ್ಸಿಗೆ ಹೋಗು, ಮತ್ತೆ ಈ ಹೊಸ್ತಿಲು ತುಳಿಯಬೇಡ ಎಂದು ಅತ್ತೆ ಆಗಲೇ ಅಪ್ಪಣೆ ಕೊಟ್ಟಾಗಿತ್ತು. ಗಂಡ ಗುದ್ದಲಿಯಿಂದ ತಲೆ ಎತ್ತಿರಲಿಲ್ಲ.

"ಏನಂದ್ರಿ?... ಇನ್ನೊಂದ್ಸಲ ಹೇಳಿ... 'ಅವ್ರು ಹಂಗೇ ಅನ್ಕೊಂಡಿದ್ರೆ ಅನ್ಕೊಳ್ಳಿ ಬಿಡಿ' ಅಂತಾ?"

"ಅಲ್ಲ ಮೇಡಂ, ಮೊದಲ್ನೇ ದಿನ ಕ್ಯಾಂಪಿಗೆ ಬಂದಿದ್ದು ನೀವೇ ಅಲ್ವಾ? ಹೆಣ್ಮಕ್ಕಳನ್ನ ಬಂಡೆ ಮೇಲೆ ಕೂರಿಸ್ಕಂಡು, ತಿಂಗಳ ಮುಟ್ಟು ಅಂದ್ರೆ ಮೈಲಿಗೆ ಅಲ್ಲ, ನಾಚ್ಕೆ ಪಡ್ಬೇಡಿ, ಆ ದಿನಾನೂ ಬೆಟ್ಟ ಹತ್ತಿ ಅಂತ ಒಂದ್ಗಂಟೆ ಮಾತಾಡಿದ್ದು ನೀವೇ ತಾನೆ? ನಾನೂ ಚಪ್ಪಾಳೆ ತಟ್ದೆ ಕಣ್ರೀ. ಅದು ನಿಮ್ ಮಕ್ಕಳಿಗೆ ಮಾತ್ರಾನಾ? ನಮ್ ಹುಡುಗಿಗಿಲ್ವಾ?..."

"ದುಡ್ಡಿನ ಮಾತು ಆಮೇಲೆ. ನೀವು ಕೊಟ್ರೂ ಈ ಹುಡುಗಿ ತಲೆ ಮೇಲಿನ ಅಪವಾದ ಇಳಿಯಲ್ಲ... ಕೆಲ್ಸ ಹೋಗ್ತದಾ? ಹೂಂ, ಗೊತ್ತು. ವರ್ಷಕ್ಕೆ ಎಂಟು ಕ್ಯಾಂಪು, ನನ್ ಸಂಸಾರ ನಡೀತಿರೋದೇ ಅದ್ರಲ್ಲಿ. ಅದ್ಕೇ ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕ್ಕಂಡು ನಿಂತಿದೀನಿ. ನನ್ ಮೇಲೆ ನಂಗೇ ಹೇಸಿಗೆ ಆಗ್ತೈತೆ ಮೇಡಂ. ಆ ಹುಳುಕ್ಕಿಂತ ನಾನೇ ನಾರ್ತಾ ಇದೀನಿ..."

"ವಿಡಿಯೋ ಅಳಿಸ್ಬೇಕಾ? ಎಲ್ಲಾ ಹುಡುಗ್ರ ಫೋನಲ್ಲೂ? ನಾನಾ?... ಛೀ! ಎಂಥ ಮಾತಾಡ್ತೀರಿ ನೀವು!"

ಅಷ್ಟು ಹೊತ್ತಿಗೆ ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ರಾಧಾಮಣಿ ಎದ್ದು ನಿಂತು ಸೀರೆಯ ಹಿಂಬದಿ ಒದರಿಕೊಂಡಳು. ದೇವರಾಜುವಿಗೆ ಇನ್ನು ತಡೆಯಲಾಗಲಿಲ್ಲ. ಫೋನನ್ನು ಕಿವಿಗೆ ಹಿಡಿದೇ ಅಂಗಳಕ್ಕೆ ದಾಪುಗಾಲು ಹಾಕಿದ.

"ಇಲ್ಲ, ಇಡ್ಬೇಡಿ, ನೀವೂ ಕೇಳಿಸ್ಕಳಿ... ಅಕ್ಕಾ! ಆ ಮಂಕ್ರಿ ಕೆಳಗಿಡು. ಇಡು ಅಂದ್ನಲ್ಲ! ರಾಧಾಮಣಿ, ನಿಂತ್ಕಳವ್ವ. ಹುಳ ಸತ್ತಿದ್ದು ನಿನ್ನಿಂದ ಅಲ್ಲ. ನಿನ್ನೆ ನಾನು ಕರ್ಕಂಡ್ ಬಂದ್ನಲ್ಲ, ಆ ಹುಡುಗ್ರು ತಟ್ಟೆ ಮೇಲೆ ಸೊಳ್ಳೆ ಔಷ್ಧಿ ಹೊಡೆದ್ರು. ತಮಾಸೆಗೆ. ನಾನು ಆಚೆ ಫೋನಲ್ಲಿದ್ದೆ. ಈಗ ಲೈನಲ್ಲಿರೋದು ಆ ಕ್ಯಾಂಪ್ ನಡ್ಸೋ ಮೇಡಂ. ಬೇಕಾದ್ರೆ ಅವ್ರನ್ನೇ ಕೇಳಿ..."

"ಏನವ್ವ?... ಹೂಂ. ನಿನ್ನೆ ಸಂಜೆಯಿಂದ್ಲೇ ಗೊತ್ತಿತ್ತು... ಹೂಂ ಕಣವ್ವ, ಅಕ್ಕ ನಿನ್ ಬಟ್ಟೆ ಅಂಗಳಕ್ಕೆ ಎಸೆದಾಗ್ಲೂ ಗೊತ್ತಿತ್ತು. ಅಲ್ಲೇ ನಿಂತಿದ್ದೆ..."

ಚಿಕ್ಕಲಕ್ಷ್ಮಮ್ಮ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಸೊಸೆಯ ಬ್ಯಾಗಿಗೆ ಕೈ ಹಾಕಿ ಒಳಕ್ಕೆ ಎಳೆದಳು. ರಾಧಾಮಣಿ ಅದನ್ನು ಬಿಡಿಸಿಕೊಂಡಳು. ಅತ್ತೆಯ ಕೈಯಿಂದ ಬ್ಯಾಗಿಗೆ ಮೆತ್ತಿದ್ದ ಹುಳುವಿನ ಹಸುರು ಲೋಳೆಯನ್ನು ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಅತ್ತೆಯ ಮುಖವನ್ನಾಗಲಿ ದೇವರಾಜುವಿನ ಮುಖವನ್ನಾಗಲಿ ನೋಡದೆ ಅಂಗಳ ದಾಟಿ ಬಸ್ಸಿನ ಕಡೆ ಹೊರಟಳು.

"ರಾಧಾಮಣಿ... ಅವ್ವಾ, ಹೇಳ್ದೆನಲ್ಲ, ನಿಂದೇನೂ ತಪ್ಪಿಲ್ಲ ಅಂತ... ಮೇಡಂ, ಅವ್ಳು ಹೋಗ್ತಾ ಅವ್ಳೆ. ನೀವಾದ್ರೂ ಒಂದ್ ಮಾತು ಹೇಳಿ... ಹಲೋ?... ಮೇಡಂ?... ಹಲೋ?"

ಆ ಕಡೆ ಲೈನು ಯಾವಾಗಲೋ ಕಟ್ಟಾಗಿತ್ತು.