ಇಪ್ಪತ್ತೈದು ಮೀಟರಿನ ಸಲುಗೆ

ಲುಬ್ನಿಕ್ ಬೆಟ್ಟದ ಎತ್ತರ ಸಾವಿರದ ಇಪ್ಪತ್ತೈದು ಮೀಟರ್ ಎಂಬುದು ಅತ್ಯಂತ ಗಂಭೀರವಾದ ಸಂಗತಿ. ನಾವು ಸ್ಲೊವೇನಿಯದವರು ಸಾವಿರ ಮೀಟರ್ ದಾಟಿದ ಮೇಲೆ ಯಾರಿಗೂ ಬಹುವಚನ ಹಚ್ಚುವುದಿಲ್ಲ. ಕೆಳಗಿಳಿದರೆ ಮತ್ತೆ ‘ನೀವು’. ಏಪ್ರಿಲ್‌ನ ಗುಂಪು ನಡಿಗೆಯ ದಿನ, ತುದಿಯಲ್ಲಿ ಬಾರ್ಲಿ ಸೂಪಿನ ಸಾಲಿನಲ್ಲಿ ನನ್ನ ಮುಂದೆ ವೆಂದೆಲಿನ್ ಮತ್ತು ಸ್ಲಾವ್ಕಾ ನಿಂತಿದ್ದರು. ಇಬ್ಬರಿಗೂ ಅರವತ್ತು ದಾಟಿತ್ತು. ವೆಂದೆಲಿನ್ ಟೋಪಿ ತೆಗೆಯುವುದು, ಹಾಕುವುದು ನಡೆದೇ ಇತ್ತು.

“ಮೂರನೇ ಬಟ್ಟಲೇನೋ?” ಸ್ಲಾವ್ಕಾ ಕೇಳಿದರು. “ನಾನಿನ್ನೂ ಮೊದಲನೇದಕ್ಕೆ ನಿಂತಿದ್ದೀನಿ.”

“ಹಸಿವಿಗಲ್ಲ ಕಣೇ. ಇಳಿಯೋದು ತಡ ಆಗ್ಲಿ ಅಂತ.”

“ಯಾಕೆ, ಮಂಡಿ ನೋವಾ?”

“ಐದು ನಿಮಿಷ ಇಳಿದ್ರೆ ಸಾಕು, ‘ವೆಂದೆಲಿನ್ ಅವರೇ, ನಿಮ್ಮ ಟಪಾಲು ನಮ್ಮ ಡಬ್ಬಿಗೆ ಬಂದಿತ್ತು’ ಅಂತ ಶುರು ಮಾಡ್ತೀಯ. ನಿನ್ನ ಮೇಲಿನ ಮನೆಗೆ ಬಂದು ಹನ್ನೊಂದು ವರ್ಷ ಆಯ್ತು ನಾನು.”

“ಮೆಟ್ಟಿಲ ಮೇಲೆ ನೀನು-ಗೀನು ಅಂದ್ರೆ ಇಡೀ ಕಟ್ಟಡ ಬಾಗಿಲಿಗೆ ಕಿವಿ ಇಡುತ್ತೆ.”

“ಇಡ್ಲಿ ಬಿಡು. ನಿಂಗೇನನ್ಸುತ್ತೆ, ಹೇಳು.”

ಅಷ್ಟರಲ್ಲಿ ಮುಂದಾಳು ಹೊರಡಲು ಸೀಟಿ ಊದಿದ.

“ಸ್ಲಾವ್ಕಾ, ಬೇಗ ಹೇಳೇ.”

“ಹನ್ನೊಂದು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ, ಪೆದ್ದ?”

ಸೂಪು ಬಿಟ್ಟು ಇಬ್ಬರೂ ಹೊರಟರು. ಕೆಳಗಿನ ಬಸ್ ನಿಲ್ದಾಣದವರೆಗೂ ಸ್ಲಾವ್ಕಾ ವೆಂದೆಲಿನ್‌ರನ್ನು ಏಕವಚನದಲ್ಲೇ ಬೈದರು.